ತೆರೆದ ಗೇಟನ್ನು ಯಾರು ತೋರಿಸ್ತಾರೆ

ಚಿನ್ನಿ ಮತ್ತೆ ಒದೆಯಿತು. ಈ ಸಲ ಬಕೆಟ್ಟು ಉರುಳಿ, ತಳ ಮುಚ್ಚುವಷ್ಟೂ ಇಲ್ಲದ ಹಾಲು ಸಗಣಿಯ ಮೇಲೆ ಹರಿಯಿತು. ಕುಕ್ಕರಗಾಲಿನಲ್ಲಿ ಕೂತಿದ್ದ ಯಶೋಧಾ ಹಿಂದಕ್ಕೆ ಸರಿದು ಮುಂಗೈಯಿಂದ ಹಣೆ ಒರೆಸಿಕೊಂಡಳು. ಹಸುವಿನ ಕೆಚ್ಚಲು ಕಲ್ಲಿನ ಹಾಗೆ ಬಿಗಿದಿತ್ತು.

"ಬಾರವ್ವ, ನನ್ನವ್ವ, ಇಳಿಸವ್ವ," ಅಂದಳು.

ಹಸು ಕತ್ತು ತಿರುಗಿಸಿ ನೋಡಿತು. ಬೇರೆಯವರ ಸೀರೆ ಉಟ್ಟು ಬಂದವಳನ್ನು ನೋಡುವಂಥ ನೋಟ.

ಆ ಮಾತುಗಳು ಅತ್ತೆಯವು. ಕರು ಸತ್ತ ಮೇಲೆ ಚಿನ್ನಿ ಹಾಲು ಇಳಿಸುತ್ತಿದ್ದದ್ದು ಮುನಿಕೃಷ್ಣಮ್ಮನ ದನಿಗೆ ಮಾತ್ರ. ದಿನಾ ಎರಡು ಹೊತ್ತು ಅವಳು ಕೊಟ್ಟಿಗೆಯಲ್ಲಿ ಕೂತು, ಕೊಡಿಗೇಹಳ್ಳಿಯಲ್ಲಿ ಯಾರ ಮನೆ ಕೆಡವಿದರು, ಯಾರ ಮಗಳಿಗೆ ಗಂಡು ಬಂತು ಎಂಬುದನ್ನೆಲ್ಲ ಹಸುವಿನ ಕಿವಿಗೆ ಹಾಕುತ್ತಾ ಕರೆಯುತ್ತಿದ್ದಳು. ಈಗ ಅದೇ ಮುನಿಕೃಷ್ಣಮ್ಮ ಮನೆಯ ಮುಂದೆ ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಮಲಗಿದ್ದಳು. ರಾತ್ರಿ ಮುದ್ದೆ ಉಂಡು, ಹಸುವಿಗೆ ಹುಲ್ಲು ಹಾಕಿ ನಿದ್ದೆಗೆ ಹೋದವಳು ನಿದ್ದೆಯಲ್ಲೇ ಹೋಗಿದ್ದಳು. ಯಾರಿಗೂ ಒಂದು ಲೋಟ ನೀರಿನ ತೊಂದರೆಯನ್ನೂ ಕೊಟ್ಟಿರಲಿಲ್ಲ.

"ಸಾಕು ಬಿಡು ಯಶೋಧಾ." ಪಕ್ಕದ ಮನೆಯ ಅಕ್ಬರಿ ಚಹಾದ ಫ್ಲಾಸ್ಕು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. "ಅದಕ್ಕೂ ಗೊತ್ತಾಗಿದೆ. ಬಾ, ಒಂದ್ ಗುಟುಕು ಚಾ ಕುಡಿ. ಸಾವಿನ ಮನೇಲಿ ಒಲೆ ಹಚ್ಚಂಗಿಲ್ಲ, ಪಕ್ಕದವರು ತಂದ್ಕೊಡ್ಬೇಕು ಅಂತ ನಿಮ್ಮತ್ತೆನೇ ನನಗೆ ಹೇಳ್ಕೊಟ್ಟಿದ್ದು."

"ಹಾಲು ಕಟ್ಕೊಂಡು ಕೆಚ್ಚಲು ಬಾವು ಬಂದ್ರೆ ಏನ್ ಮಾಡ್ಲಿ ಆಪಾ?"

"ಸಂಜೆಗೆ ನೋಡಾಣ. ಮೊದ್ಲು ಹೊರಗೆ ಹೋಗು. ನಿಮ್ಮ ಲೀಡರ್ ಬಂದವ್ನೆ. ಫ್ಲೆಕ್ಸ್ ತಂದವ್ನೆ."

"ಆಗ್ಲೇ?"

"ಹೂಂ. ಹೂವಿನ ಹಾರ ಇನ್ನೂ ಬಂದಿಲ್ಲ, ಫ್ಲೆಕ್ಸ್ ಬಂತು."

ಎದುರು ಮನೆಯ ಕಾಂಪೌಂಡಿಗೆ ಇಬ್ಬರು ಅದನ್ನು ಕಟ್ಟುತ್ತಿದ್ದರು. 'ದಾರಿಗಾಗಿ ಹೋರಾಡಿದ ವೀರಮಾತೆ ಇನ್ನಿಲ್ಲ.' ಒಂದು ಮೂಲೆಯ ದುಂಡನೆಯ ಚೌಕಟ್ಟಿನಲ್ಲಿ ಅಂಗೈಯಷ್ಟು ಅಗಲದ ಮುನಿಕೃಷ್ಣಮ್ಮ. ಉಳಿದ ಜಾಗದಲ್ಲೆಲ್ಲ ಕೈಮುಗಿದುಕೊಂಡು ನಿಂತ 'ನಮ್ಮೂರ ದಾರಿ ಹೋರಾಟ ವೇದಿಕೆ'ಯ ಅಧ್ಯಕ್ಷ ಮನೋಹರ್. ಸತ್ತವರು ಯಾರು ಎಂದು ಹೊಸಬರಿಗೆ ಅನುಮಾನ ಬರುವಂತಿತ್ತು.

ಮನೋಹರ್ ಮುಖಕ್ಕೆ ಬೇಕಾದ ದುಃಖವನ್ನು ಬೀದಿಯ ತಿರುವಿನಲ್ಲೇ ಹಾಕಿಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಕೈಗೆ ಎರಡು ಫೋನು. ಮುಖ್ಯರಸ್ತೆಯಲ್ಲಿ ಸೈಟು ಕೊಡಿಸುವ ಆಫೀಸು ಇಟ್ಟುಕೊಂಡಿದ್ದವನು ವೇದಿಕೆ ಕಟ್ಟಿದ ಮೇಲೆ ವಾರ್ಡಿಗೆಲ್ಲ ಬೇಕಾದವನಾಗಿದ್ದ. ಊರಿಗೆ ದಾರಿ ಸಿಗದಿದ್ದರೂ ಅಧ್ಯಕ್ಷರಿಗೆ ಮಾತ್ರ ಸಿಕ್ಕಿತ್ತು.

ಅವನು ಯಶೋಧಾಳ ಗಂಡ ಮಣಿಕಂಠನ ಹೆಗಲ ಮೇಲೆ ಕೈಹಾಕಿದ. "ಧೈರ್ಯ ತಗೋ ಮಗಾ. ಅಮ್ಮ ನಮ್ಮ ವೇದಿಕೆ ಮುಖ ಆಗಿದ್ರು. ಹನ್ನೊಂದಕ್ಕೆ ಎತ್ಬಿಡಾಣ. ಚಾನೆಲ್‌ಗೆ ಮೆಸೇಜ್ ಹಾಕಿದೀನಿ. ಬೆಳಗ್ಗೆ ಅವ್ರ ಮೀಟಿಂಗ್ ಶುರುವಾಗೋ ಮುಂಚೆ ನಮ್ಮ ವಿಷಯ ಅವ್ರ ಟೇಬಲ್ ಮೇಲೆ ಬಿದ್ದಿರ್ಬೇಕು. ಬಿತ್ತು. ಓಕೆ ಅಂದವ್ರೆ. ಇವತ್ತು ಬೇರೆ ದೊಡ್ಡ ಸುದ್ದಿ ಏನೂ ಇಲ್ಲ, ನಮ್ಮ ಪುಣ್ಯ."

"ಯಾತುಕ್ ಓಕೆ ಅಂದ್ರು?" ಅಂದ ಆಂಜಿನಪ್ಪ. ಸತ್ತವಳ ಅಣ್ಣ. ರಾಜಾನುಕುಂಟೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ತಂಗಿಯ ತಲೆಯ ಬಳಿ ಕಂಬದ ಹಾಗೆ ಕೂತಿದ್ದ.

"ಗೇಟ್ ಮುಂದೆ ಬಾಡಿ ಇಡೋದಕ್ಕೆ ಯಜಮಾನ್ರೇ. ಲೈವ್ ತಗೊಳ್ತಾರೆ."

ಬಾಡಿ ಅಂದಾಗ ಆಂಜಿನಪ್ಪ ತಂಗಿಯ ಮುಖ ನೋಡಿದ. ಆಮೇಲೆ ಅಧ್ಯಕ್ಷನ ಮುಖವನ್ನೂ ನೋಡಿದ.

ಊರಿನ ಸ್ಮಶಾನಕ್ಕೆ ಹೋಗುವ ಹಳೆಯ ದಾರಿ ಒಂದು ಹೊಂಗೆಮರದ ಕೆಳಗೆ ಹಾಯ್ದು ಹೋಗುತ್ತಿತ್ತು. ಯಾರು ಸತ್ತರೂ ಚಟ್ಟವನ್ನು ಒಂದೇ ಒಂದು ಸಲ, ಆ ಮರದ ನೆರಳಿನಲ್ಲಿ ಇಳಿಸುವುದು. ಮಗ ಬಗ್ಗಿ ಕಿವಿಯಲ್ಲಿ ಮೂರು ಸಲ ಕರೆಯುವುದು. ಓಗೊಡದಿದ್ದರೆ ಹೋದದ್ದು ನಿಜ ಎಂದು, ತಲೆ ಇದ್ದ ಕಡೆಗೆ ಕಾಲು ಬರುವಂತೆ ತಿರುಗಿಸಿ ಮತ್ತೆ ಎತ್ತುವುದು. ಹೆಂಗಸರು ಬರುವುದು ಅಲ್ಲಿಯವರೆಗೆ. ಅಲ್ಲಿಂದ ಹಿಂದಿರುಗಿ ನೋಡದೆ ಮನೆಗೆ ಹೋಗಬೇಕು. ಲೇಔಟು ಬಂದು ಕಾಂಪೌಂಡು ಹಾಕಿದಾಗ ಆ ದಾರಿ, ಹೊಂಗೆಮರ ಎರಡೂ ಒಳಗಾದವು. ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ನಿಂತಿತು. ಅಂದಿನಿಂದ ಚಟ್ಟ ಇಳಿಯುವುದು ಗೇಟಿನ ಹೊರಗೆ, ಟಾರಿನ ಮೇಲೆ. ಅಲ್ಲಿಂದ ತಿರುಗಿ ಏರ್‌ಪೋರ್ಟ್ ರಸ್ತೆಯ ಬದಿ ಹಿಡಿದು, ಬಸ್ಸು ಕಾರುಗಳ ಹಾರನ್ನು ಕೇಳುತ್ತಾ ಸುತ್ತಿಕೊಂಡು ಹೋಗಬೇಕು. ವೇದಿಕೆಯ ಹೋರಾಟ ಇದಕ್ಕಾಗಿ. ಹೋರಾಟ ಸುಳ್ಳಿನದಲ್ಲ. ಅದನ್ನು ಯಶೋಧಾ ಯಾವತ್ತೂ ಅಂದವಳಲ್ಲ.

ಅವಳು ಗಂಡನನ್ನು ಬಾಗಿಲ ಹಿಂದಕ್ಕೆ ಕರೆದಳು. "ರೀ, ಅತ್ತೆ ಬೇಡ ಅಂದಿದ್ರು. ನನ್ನ ಕೈಲಿ ಹೂಂ ಅನ್ನಿಸ್ಕೊಂಡಿದ್ರು."

ಮಣಿಕಂಠ ಸ್ಕೂಲ್ ವ್ಯಾನು ಓಡಿಸುವವನು. ದಿನವಿಡೀ ಮಕ್ಕಳ ಗಲಾಟೆಯ ನಡುವೆ ಇದ್ದೂ ಇದ್ದೂ, ದೊಡ್ಡವರ ಮುಂದೆ ದನಿ ಎತ್ತುವುದನ್ನೇ ಮರೆತಿದ್ದ. "ಹೇಗಿದ್ರೂ ಅಲ್ಲಿ ಇಳಿಸ್ಲೇಬೇಕಲ್ಲ ಯಶು. ಐದು ನಿಮಿಷ ಅಂತವ್ರೆ. ಆ ಮನುಷ್ಯನ್ನ ಎದುರು ಹಾಕ್ಕೊಂಡು ಈ ಊರಲ್ಲಿರೋಕಾಗುತ್ತಾ?"

"ಐದೇ ನಿಮಿಷ ತಾನೆ?"

"ಐದೇ ನಿಮಿಷ."

*

ಟೀವಿಯ ಮೇಲೆ ಮುನಿಕೃಷ್ಣಮ್ಮನಿಗೆ ನಂಬಿಕೆ ಬಂದದ್ದು ನೀರಿನಿಂದ.

ಆಗ ಊರಿನ ಬೋರ್‌ವೆಲ್ಲಿನ ಮೋಟರು ಸುಟ್ಟು ವಾರಗಳಾಗಿದ್ದವು. ದೂರು ಕೊಟ್ಟು ಕೊಟ್ಟು ಜನರಿಗೆ ಸಾಕಾಗಿತ್ತು. ಮನೋಹರನಿಗೆ ಆಗಿನ್ನೂ ಒಂದೇ ಫೋನು. ಟೀವಿಯವರು ಬರುತ್ತಾರೆ, ಹೆಂಗಸರೆಲ್ಲ ಕೊಡ ಹಿಡಿದು ಬನ್ನಿ ಎಂದು ಬೀದಿಬೀದಿ ಸುತ್ತಿ ಕರೆದ. ಅವತ್ತೇ, ಅದೇ ಹೊತ್ತಿಗೆ ಯಾವ ಪುಣ್ಯಾತ್ಮನೋ ಒಂದು ಟ್ಯಾಂಕರು ನೀರು ಕಳಿಸಿದ್ದ. ಹೆಂಗಸರು ಬಂದದ್ದು ತುಂಬಿದ ಕೊಡಗಳ ಜೊತೆ.

ಮನೋಹರ್ ತಲೆ ತಲೆ ಚಚ್ಚಿಕೊಂಡ. "ಚೆಲ್ಲಿ, ಚೆಲ್ಲಿ! ತುಂಬಿದ ಕೊಡ ಹಿಡ್ಕೊಂಡು ನೀರಿಲ್ಲ ಅಂತೀರಾ? ಬೇಗ ಚೆಲ್ರಮ್ಮ, ಕ್ಯಾಮೆರಾ ಬರ್ತಿದೆ!"

ಕೆಲವರು ಚೆಲ್ಲಿಯೂ ಬಿಟ್ಟರು. ವಾರಗಟ್ಟಲೆ ಕಾದ ನೀರು ಚರಂಡಿಗೆ ಹೋಯಿತು. ಮುನಿಕೃಷ್ಣಮ್ಮ ಮಾತ್ರ ಯಾರಿಗೂ ಏನೂ ಹೇಳದೆ ಮನೆಗೆ ನಡೆದು, ಕೊಡವನ್ನು ಹಸುವಿನ ತೊಟ್ಟಿಗೆ ಸುರಿದು, ಖಾಲಿ ಕೊಡ ಹಿಡಿದು ವಾಪಸು ಬಂದು ಸಾಲಿನಲ್ಲಿ ನಿಂತಳು.

ಇದ್ದವರು ಹತ್ತು ಹನ್ನೆರಡು ಮಂದಿ. ನೂರು ಜನ ಕಾಣಿಸಬೇಕು ಎಂದು ಮನೋಹರ್ ಎಲ್ಲರನ್ನೂ ಮೈಗೆ ಮೈ ತಾಗಿಸಿ ನಿಲ್ಲಿಸಿದ. ವಯಸ್ಸಾದವರು ಮುಂದೆ, ಒಳ್ಳೆಯ ಸೀರೆಯವರು ಹಿಂದೆ. ಟೀವಿಯಿಂದ ಬಂದವಳು ಒಬ್ಬಳು ಸಣಕಲು ಹುಡುಗಿ. ಮೈಕನ್ನು ಮುನಿಕೃಷ್ಣಮ್ಮನ ಮುಂದೆ ಹಿಡಿದು, "ಅಜ್ಜಿ, ಸ್ವಲ್ಪ ಅಳ್ತಾ ಹೇಳಿ," ಅಂದಳು.

ಮುನಿಕೃಷ್ಣಮ್ಮನಿಗೆ ಅಳು ಬರಲಿಲ್ಲ. ಬಿಸಿಲಿಗೆ ಕಂದಿದ್ದ ಆ ಹುಡುಗಿಯ ಮುಖ ನೋಡಿ ಅಯ್ಯೋ ಅನ್ನಿಸಿತು. ಏನು ಹೇಳುವುದೆಂದು ತೋಚದೆ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಕೇಳಿದಳು. "ನೋಡವ್ವ, ನನ್ನವ್ವ, ಎಷ್ಟ್ ದಿನ ಅಂತ ಕಾಯದು? ಬಾರವ್ವ. ಇಳಿಸವ್ವ, ನನ್ನ ತಾಯಿ, ಒಂದ್ ಗುಟುಕು ಇಳಿಸವ್ವ."

ಕ್ಯಾಮೆರಾದವನು ಕಣ್ಣು ಒರೆಸಿಕೊಂಡ. ಸಂಜೆ ಟೀವಿಯಲ್ಲಿ ಬಂತು. ವಾರದೊಳಗೆ ಹೊಸ ಮೋಟರೂ ಬಂತು.

"ಕೂಗಿದ್ರೆ ಕೇಳಿಸ್ತದೆ ಕಣೆ ಟೀವಿಗೆ," ಎಂದು ಮುನಿಕೃಷ್ಣಮ್ಮ ಸೊಸೆಗೆ ಬೆರಗಿನಿಂದ ಹೇಳಿದಳು. "ಹಸೂನೂ ಹಂಗೇ. ದನಿ ಚೆನ್ನಾಗಿರ್ಬೇಕು ಅಷ್ಟೆ."

ಅಳದೆಯೇ ಅಳಿಸುವ ಅಜ್ಜಿ ಸಿಕ್ಕಿದಳು ಎಂದು ಮನೋಹರನಿಗೂ ಅರ್ಥವಾಯಿತು. ಅಲ್ಲಿಂದಾಚೆಗೆ ಕಸಕ್ಕೆ, ಬೀದಿದೀಪಕ್ಕೆ, ನಾಯಿಗಳ ಕಾಟಕ್ಕೆ, ಎಲ್ಲಕ್ಕೂ ಅವಳೇ. ಹಬ್ಬಕ್ಕೆ ಅಟ್ಟದಿಂದ ಇಳಿಸುವ ಹಿತ್ತಾಳೆ ಪಾತ್ರೆಯ ಹಾಗೆ ಅವಳನ್ನು ಕರೆದೊಯ್ಯುವುದು, ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುವುದು. ವಾಪಸು ನಡೆದು ಬರುವಷ್ಟರಲ್ಲಿ ಹಾಲು ಕರೆಯುವ ಹೊತ್ತು ಮೀರಿರುತ್ತಿತ್ತು.

*

ತಮಟೆ ಗೇಟಿನ ಮುಂದೆ ನಿಂತಿತು. ಚಟ್ಟವನ್ನು ಟಾರಿನ ಮೇಲೆ ಇಳಿಸಿದರು. ಗೇಟಿನ ಸರಳುಗಳ ಆಚೆ, ಹತ್ತು ಹೆಜ್ಜೆಯಲ್ಲಿ, ಹೊಂಗೆಮರ ದಟ್ಟವಾಗಿ ಚಿಗುರಿತ್ತು. ಅದರ ಬುಡಕ್ಕೆ ಕಟ್ಟೆ ಕಟ್ಟಿ ಬಣ್ಣ ಬಳಿದಿದ್ದರು. ನೆರಳೆಲ್ಲ ಆಚೆಗೇ ಬಿದ್ದಿತ್ತು.

ಮಣಿಕಂಠ ಮಂಡಿಯೂರಿ ತಾಯಿಯ ಕಿವಿಯ ಬಳಿ ಬಗ್ಗಿದ.

"ಅವ್ವಾ." ಮೊದಲ ಸಲ ದನಿ ಹೊರಡಲಿಲ್ಲ. "ಅವ್ವಾ." ಎರಡನೇ ಸಲ ಸುತ್ತ ನಿಂತವರಿಗೂ ಕೇಳಿಸಿತು. ಮೂರನೇ ಸಲ ಅವನು ನಿಜಕ್ಕೂ ಕರೆದ. ಸಣ್ಣವನಿದ್ದಾಗ ಸ್ಕೂಲಿನಿಂದ ಬಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಹಾಗೆ. ಹೆಂಗಸರು ಗೊಳೋ ಎಂದರು.

"ಓಗ್ಬುಟ್ಲು," ಅಂದ ಆಂಜಿನಪ್ಪ. "ತಿರುಗ್ಸಿ, ಎತ್ರಪ್ಪ."

"ಒಂದ್ ನಿಮಿಷ, ಒಂದ್ ನಿಮಿಷ!" ಮನೋಹರ್ ಫೋನನ್ನು ಕಿವಿಯಿಂದ ತೆಗೆಯದೆ ಕೈ ಅಡ್ಡ ಹಿಡಿದ. "ಹೊರಟವ್ರೆ. ಹೆಬ್ಬಾಳ ಬಿಟ್ಟವ್ರೆ. ಎಲ್ರೂ ಕೂತ್ಕೊಳಿ. ಹೆಂಗಸ್ರು ಮುಂದೆ."

ಕೂತರು. ತಮಟೆಯವರು ಬೀಡಿ ಹಚ್ಚಿಕೊಳ್ಳಲು ಗೋಡೆಯ ಕಡೆಗೆ ಸರಿದರು. ಬಿಸಿಲು ನೆತ್ತಿಗೆ ಬಂತು. ಅಕ್ಬರಿ ತನ್ನ ಕಪ್ಪು ಛತ್ರಿಯನ್ನು ಬಿಚ್ಚಿ ಮುನಿಕೃಷ್ಣಮ್ಮನ ಮುಖಕ್ಕೆ ಹಿಡಿದು ನಿಂತಳು.

"ಆಪಾ, ಛತ್ರಿ ತೆಗೀರಿ ಸ್ವಲ್ಪ," ಅಂದ ಮನೋಹರ್. "ಅವ್ರು ಬಂದ ತಕ್ಷಣ ಮುಖ ಕಾಣ್ಬೇಕು."

"ಬಂದ್ಮೇಲೆ ತೆಗೀತೀನಿ ಬಿಡಿ ಸಾಹೇಬ್ರೇ. ಈಗ ನೋಡೋರು ನಾವೇ ತಾನೆ? ನಮಗೆ ಈ ಮುಖ ಗೊತ್ತು."

ಯಾರೋ ನಕ್ಕರು. ಸಾವಿನಲ್ಲಿ ನಗಬಾರದೆಂದು ತಕ್ಷಣ ಕೆಮ್ಮಿದರು. ಯಶೋಧಾ ಅತ್ತೆಯ ಕಾಲ ಬಳಿ ಕೂತು ಟಾರಿನ ಬಿಸಿಯನ್ನು ಸೀರೆಯ ಮೂಲಕ ಅನುಭವಿಸುತ್ತಿದ್ದಳು. ಐದು ನಿಮಿಷ ಎಂದೋ ಕಳೆದಿತ್ತು.

*

ಹಿಂದಿನ ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಪಟಾಲಮ್ಮ ಮಲಗಿದ್ದಳು. ಮುನಿಕೃಷ್ಣಮ್ಮನ ಓರಗೆಯವಳು, ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು.

ಅವತ್ತೂ ಟೀವಿ ಹೊರಟಿತ್ತು. ಹೊರಟೇ ಇತ್ತು. ಮುನಿಕೃಷ್ಣಮ್ಮ ಹೆಣದ ಪಕ್ಕ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಬೆಳಿಗ್ಗೆ ಇದ್ದ ಮುಖ ಮಧ್ಯಾಹ್ನಕ್ಕೆ ಇರಲಿಲ್ಲ. ಗೆಳತಿಯ ಮುಖ ಬದಲಾಗುವುದನ್ನು ಅವಳು ಒಬ್ಬಳೇ ಅಷ್ಟು ಹತ್ತಿರದಿಂದ ನೋಡಿದಳು. ಕೊನೆಗೆ ಬಂದ ಕ್ಯಾಮೆರಾದವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಇಳಿದ. "ಅಮ್ಮ, ಸೆರಗು ಅಡ್ಡ ಬರುತ್ತೆ, ಬೀಸ್ಬೇಡಿ," ಅಂದ ಮನೋಹರ್. ಸಂಜೆ ಟೀವಿಯಲ್ಲಿ ಪಟಾಲಮ್ಮ ಬಂದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮನೋಹರ್ ಬಂದದ್ದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಗೇಟು ತೆರೆಯಲಿಲ್ಲ.

ಆ ಸಂಜೆ ಮುನಿಕೃಷ್ಣಮ್ಮ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಹಾಲು ಕರೆಯಲು ಕೂತಳು. ಹಸುವಿಗೆ ಸುದ್ದಿ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಹುಲ್ಲು ಹಾಕುತ್ತಿದ್ದ ಸೊಸೆಯ ಕಡೆ ತಿರುಗದೆಯೇ, "ಯಶೋದಿ," ಅಂದಳು. "ನನ್ನ ಮಾತ್ರ ಬಿಸಿಲಲ್ಲಿ ಇಕ್ಬೇಡ ಕಣೆ."

"ಬಿಡ್ತು ಅನ್ನಿ ಅತ್ತೆ. ಮುಸ್ಸಂಜೆ ಹೊತ್ನಲ್ಲಿ."

"ಗೇಟ್ ಮುಚ್ಚಿದ್ರೆ ಸುತ್ತಾಕ್ಕೊಂಡು ಹೋಗಿ. ನಾನೇನ್ ಕಾಲು ನೋವು ಅನ್ನಲ್ಲ." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಹೂಂ ಅನ್ನು."

"ಹೂಂ."

"ಹಸು ಮುಂದೆ ಅಂದಿದೀಯ. ನೆನಪಿಟ್ಕೊ."

*

ಗೇಟಿನ ಚಿಲಕ ಸದ್ದಾಯಿತು. ಎಲ್ಲರೂ ತಿರುಗಿದರು. ಲೇಔಟಿನ ವಾಚ್‌ಮನ್, ರಾಯಚೂರು ಕಡೆಯವನು, ಗೇಟಿನ ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವವರೆಗೆ ತಳ್ಳುತ್ತಿದ್ದ.

"ಹೋಗ್ರಿ," ಅಂದ. "ನಮ್ಮ ಲೇಔಟಿನ ಮೇಡಂ ಫೋನ್ ಮಾಡಿದ್ರು. ಟೀವಿಯವ್ರು ಬರೋದ್ರೊಳಗ ಲಗೂನ ದಾಟಿಸಿಬಿಡು ಅಂದಾರ. ಹೋಗ್ರಿ, ಹೋಗ್ರಿ."

ಇಷ್ಟು ವರ್ಷ ಎಷ್ಟು ಜನ ಕೂಗಿದ್ದರು, ಎಷ್ಟು ಹೆಣ ಇಲ್ಲಿ ಕಾದಿದ್ದವು. ಆ ಗೇಟು ತೆರೆದು ನಿಂತಿತ್ತು. ಆಚೆ ದಾರಿ, ದಾರಿಯ ಮೇಲೆ ಹೊಂಗೆಯ ನೆರಳು. ಆಂಜಿನಪ್ಪ ಮಂಡಿಯ ಮೇಲೆ ಕೈಯೂರಿ ಎದ್ದ.

"ಏಯ್, ಮುಚ್ಚಯ್ಯ ಗೇಟು!" ಮನೋಹರ್ ಫೋನು ಬಿಟ್ಟು ಓಡಿ ಬಂದ.

ವಾಚ್‌ಮನ್ ಬಾಯಿ ತೆರೆದು ನಿಂತ. "ಅಲ್ರೀ, ತೆಗಿ ತೆಗಿ ಅಂತ ಬಡಕೊಂಡವ್ರು ನೀವ ಅಲ್ಲೇನು?"

"ಈಗ ಮುಚ್ಚು ಅಂತಿದೀನಿ. ಅವ್ರು ಬರ್ತಾವ್ರೆ. ತೆರೆದ ಗೇಟ್‌ನ ಯಾರ್ ತೋರಿಸ್ತಾರೆ?"

ವಾಚ್‌ಮನ್ ಕದಲಲಿಲ್ಲ. ಅಧ್ಯಕ್ಷನೇ ಇಸ್ತ್ರಿ ಅಂಗಿಯ ತೋಳು ಮಡಿಸಿ, ಒಂದೊಂದೇ ಬಾಗಿಲನ್ನು ಎಳೆದು ತಂದು, ಚಿಲಕ ಜಡಿದ. ಕೈಗೆ ಅಂಟಿದ ತುಕ್ಕನ್ನು ಕರ್ಚೀಫಿನಿಂದ ಒರೆಸಿಕೊಂಡ. ಊರಿನವರು ಅದನ್ನು ನೋಡಿದರು, ನೋಡಿ ಸುಮ್ಮನೆ ಕೂತಿದ್ದರು. ಟೀವಿಯಲ್ಲಿ ಬರುತ್ತೇವಲ್ಲ ಎಂದು ಒಬ್ಬಿಬ್ಬರು ತಲೆ ಬಾಚಿಕೊಂಡು ಬಂದಿದ್ದರು. ಅವರಿಗೆ ಎದ್ದು ಹೋಗುವ ಅವಸರವಿರಲಿಲ್ಲ.

ಫೋನು ಬಂತು. ಮನೋಹರನ ಮುಖ ಇಳಿಯಿತು. "ಹೆಬ್ಬಾಳದ ಹತ್ರ ಯಾರೋ ಸಿನಿಮಾ ನಟನ ಕಾರು ಡಿವೈಡರ್‌ಗೆ ಉಜ್ಜಿದೆಯಂತೆ. ವ್ಯಾನ್ ಅಲ್ಲಿಗೆ ತಿರುಗಿಸವ್ರೆ. ಮುಗಿಸ್ಕೊಂಡು ನೇರ ಇಲ್ಲಿಗೇ ಅಂತೆ."

"ನಟ ಸತ್ತೋದ್ನಾ?" ಅಕ್ಬರಿ ಕೇಳಿದಳು.

"ಇಲ್ಲ, ಕಾರಿಗೆ ಗೀರು ಬಿದ್ದಿದೆ."

"ಅರೆ, ಪಾಪ! ನಮ್ಮದು ಬರೀ ಸಾವು."

ಮನೋಹರ್ ಅದನ್ನು ಕೇಳಿಸಿಕೊಳ್ಳದವನಂತೆ ಮಣಿಕಂಠನ ಪಕ್ಕ ಕೂತು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ. "ಮಗಾ, ಆಗ ನೀನು ಕಿವೀಲಿ ಕರೆದ್ಯಲ್ಲ, ಎಂಥಾ ವಿಷುಯಲ್ ಅದು! ನನಗೇ ಕರುಳು ಕಿತ್ತು ಬಂತು. ಅವ್ರು ಬಂದ್ಮೇಲೆ ಅದನ್ನ ಇನ್ನೊಂದ್ಸಲ ಮಾಡ್ಬೇಕು. ಸ್ವಲ್ಪ ಜೋರಾಗಿ, ಮುಖ ಈ ಕಡೆ ಇಟ್ಕೊಂಡು."

ಮಣಿಕಂಠ ನೆಲ ನೋಡುತ್ತಾ ಕತ್ತು ಆಡಿಸಿದ. ಅದು ಹೂಂ ಎಂಬುದೋ ಊಹೂಂ ಎಂಬುದೋ ಅವನಿಗೇ ತಿಳಿದಂತಿರಲಿಲ್ಲ.

"ಮೂರು ಸಲ ಕರ್ದಾಯ್ತು," ಅಂದ ಆಂಜಿನಪ್ಪ. ಬೆಳಗಿನಿಂದ ಆಡದೆ ಉಳಿಸಿಕೊಂಡಿದ್ದ ಸಿಟ್ಟೆಲ್ಲ ಆ ತಣ್ಣಗಿನ ಮಾತಿನಲ್ಲಿತ್ತು. "ನಾಕನೇ ಸಲ ಇಂಗೆ ಕರುದ್ರೆ ಯಾರು ಓಗೊಡ್ತಾರೋ ಗೊತ್ತಿಲ್ಲ ಕಣಪ್ಪ. ಬೇಕಾದ್ರೆ ನಿನ್ ಎಸ್ರು ಇಡ್ದು ಕರೀತೀವಿ, ಬಂದು ಮಲಿಕ್ಕೊ."

ಛತ್ರಿಯ ನೆರಳು ಸರಿದಿತ್ತು. ಬಿಸಿಲು ಮುನಿಕೃಷ್ಣಮ್ಮನ ಗಲ್ಲಕ್ಕೆ ಬಂದು, ತುಟಿಗೆ ಬಂದು, ಮೂಗಿನ ಬೊಟ್ಟಿನ ಮೇಲೆ ಹೊಳೆಯಿತು. ಒಂದು ನೊಣ ಹಣೆಯ ಮೇಲೆ ಕೂತಿತು. ಯಶೋಧಾ ಸೆರಗಿನಿಂದ ಬೀಸಿದಳು. ಅದು ಎದ್ದು, ಸುತ್ತಿ, ಮತ್ತೆ ಅಲ್ಲೇ ಕೂತಿತು.

ಯಶೋಧಾ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಕಡೆ ನಡೆದಳು. ಬೆಳಿಗ್ಗೆ ಹಸು ಒದ್ದ ಮೊಣಕಾಲು ನೋಯುತ್ತಿತ್ತು.

"ಯಶೋಧಮ್ಮ, ಎಲ್ಲಿಗೆ?" ಮನೋಹರ್ ಅಡ್ಡ ಬಂದ. "ಇನ್ನೊಂದ್ ಸ್ವಲ್ಪ ಹೊತ್ತು. ಇಷ್ಟು ವರ್ಷದ ಹೋರಾಟ ಇದು."

"ಗೆದ್ದಾಯ್ತಲ್ಲ ಸರ್. ಗೇಟ್ ತೆಗೆದ್ರಲ್ಲ."

"ಒಂದಿನ ತೆಗೆದ್ರೆ ಗೆದ್ದಂಗಾ? ನಾಳೆ ಮತ್ತೆ ಮುಚ್ತಾರೆ. ಟೀವೀಲಿ ಬಂದ್ರೆ ಶಾಶ್ವತವಾಗಿ ತೆಗೀತಾರೆ. ನಾಳೆ ಸಾಯೋವ್ರ ಬಗ್ಗೆ ಯೋಚ್ನೆ ಮಾಡಿ."

"ನಾಳೆ ಸಾಯೋವ್ರನ್ನ ನಾಳೆ ನೋಡ್ಕೊಳಿ. ಇವತ್ತು ಸತ್ತಿರೋರು ನಮ್ಮತ್ತೆ."

"ನಿಮ್ಮತ್ತೆ ಬದುಕಿದ್ದಿದ್ರೆ ನನ್ನ ಮಾತಿಗೆ ಇಲ್ಲೇ ಕೂತಿರೋರು ಕಣ್ರೀ!"

"ಬದುಕಿದ್ದಿದ್ರೆ ಕೊಡಾನ ಹಸುಗೆ ಸುರಿದು ಬರೋರು."

ಮನೋಹರನಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅವಳು ನಿಲ್ಲಲೂ ಇಲ್ಲ. ಚಿಲಕ ಎತ್ತಿ, ಬಾಗಿಲಿಗೆ ಭುಜ ಕೊಟ್ಟು ತಳ್ಳಿದಳು. ಇನ್ನೊಂದು ಬಾಗಿಲನ್ನು ವಾಚ್‌ಮನ್ ತಾನ್ಯಾಕೆ ಎಂಬಂತೆ ಅತ್ತಿತ್ತ ನೋಡಿ, ಕಾಲಿನಿಂದ ನೂಕಿದ.

"ಏಳ್ರಯ್ಯ," ಅಂದ ಆಂಜಿನಪ್ಪ. "ತಿರುಗ್ಸಿ, ಎತ್ರಿ."

ಮೊದಲು ಎದ್ದವನು ಮಣಿಕಂಠ. ಮುಖ ಒರೆಸಿಕೊಂಡು ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ತಮಟೆಯವರು ಬೀಡಿ ಎಸೆದು ಓಡಿ ಬಂದರು. ಚಟ್ಟ ಗೇಟು ದಾಟಿತು. ಹೊಂಗೆಯ ನೆರಳು ಮೊದಲು ಅವಳ ಕಾಲಿನ ಮೇಲೆ ಬಿತ್ತು, ಆಮೇಲೆ ಮಡಿಸಿಟ್ಟ ಕೈಗಳ ಮೇಲೆ, ಆಮೇಲೆ ಮುಖದ ಮೇಲೆ. ಯಶೋಧಾ ಅಷ್ಟನ್ನು ನೋಡಿದಳು. ಅಷ್ಟೇ ನೋಡಬೇಕಾದದ್ದು. ಸೆರಗು ಬಿಚ್ಚಿ ತಲೆಗೆ ಹೊದ್ದು, ಬೆನ್ನು ತಿರುಗಿಸಿ, ಹೆಂಗಸರ ಜೊತೆ ಊರಿನ ಕಡೆ ಹೊರಟಳು.

ಅವರು ಬೀದಿಯ ತಿರುವಿಗೆ ಬರುವಷ್ಟರಲ್ಲಿ ತಲೆಯ ಮೇಲೆ ತಟ್ಟೆ ಹೊತ್ತ ಟೀವಿ ವ್ಯಾನೊಂದು ಎದುರಿಗೆ ಬಂದು, ಅವರ ಪಕ್ಕದಲ್ಲೇ ಧೂಳೆಬ್ಬಿಸಿ ಹೋಯಿತು. ಹಿಂದಿರುಗಿ ನೋಡುವಂತಿರಲಿಲ್ಲ. ಆದರೆ ಕಿವಿಗೆ ಅಂಥ ಕಟ್ಟಳೆ ಏನೂ ಇಲ್ಲವಲ್ಲ.

"ಮುಚ್ಚಯ್ಯ, ಬೇಗ ಬೇಗ!" ಎಂದಿತು ಮನೋಹರನ ದನಿ. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಬಂತು.

*

ಸಂಜೆಗೆ ಮನೆ ತೊಳೆದಾಗಿತ್ತು. ಮುನಿಕೃಷ್ಣಮ್ಮ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಿದ್ದರು. ಆಂಜಿನಪ್ಪ ಗೋಡೆಗೊರಗಿ ದೀಪ ನೋಡುತ್ತಾ ಕೂತಿದ್ದ. ಮಣಿಕಂಠ ಹೆಂಡತಿಯ ಮುಖ ನೋಡಲಾಗದೆ ಒಳಗೆ ಮಲಗಿದ್ದ.

ಯಶೋಧಾ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಕೊಟ್ಟಿಗೆಗೆ ಬಂದಳು. ಚಿನ್ನಿ ಬೆಳಗಿನ ಹುಲ್ಲನ್ನೇ ಮುಟ್ಟಿರಲಿಲ್ಲ. ಕೆಚ್ಚಲು ಮುಟ್ಟಿದರೆ ಕಾವು. ಬಿಸಿನೀರಿನ ಬಟ್ಟೆ ಒತ್ತಿದಳು, ಹರಳೆಣ್ಣೆ ಸವರಿದಳು, ಕೊರಳು ತುರಿಸಿದಳು. ಹಸು ಮೈ ನಡುಗಿಸುತ್ತಾ ಕಾಲು ಎತ್ತಿ ಎತ್ತಿ ಇಟ್ಟಿತು. ಒಂದು ಹನಿಯನ್ನೂ ಬಿಡಲಿಲ್ಲ.

"ಹೋಗ್ಬುಟ್ರು ಕಣೆ," ಅಂದಳು ಯಶೋಧಾ. ಹಸುವಿನ ಪಕ್ಕೆಗೆ ಹಣೆ ಆನಿಸಿದಳು. "ನಾನೇನ್ ಮಾಡ್ಲಿ, ಹೇಳು."

ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡೇ ಅಕ್ಬರಿಯ ಮನೆಯ ಕಿಟಕಿ. ಅಲ್ಲಿಂದ ಕೂಗು ಬಂತು. "ಯಶೋಧಾ, ಟೀವೀಲಿ ಬರ್ತಿದೆ, ನೋಡ್ತೀಯಾ?"

"ಬೇಡ ಆಪಾ."

ನೋಡದಿದ್ದರೂ ಕೇಳಿಸಿತು. ಯುದ್ಧ ಶುರುವಾದಂಥ ಸಂಗೀತ. ಅಂತ್ಯಸಂಸ್ಕಾರಕ್ಕೂ ದಾರಿಯಿಲ್ಲ, ಬಿಸಿಲಲ್ಲಿ ಕಾದ ವೃದ್ಧೆಯ ಶವ, ಕರಗದ ಕಬ್ಬಿಣದ ಗೇಟು. "ಎಷ್ಟೇ ಬೇಡಿಕೊಂಡರೂ ಗೇಟು ತೆರೆಯಲೇ ಇಲ್ಲ," ಎಂದು ಮನೋಹರ್ ಗದ್ಗದಿತನಾಗಿ ಹೇಳುತ್ತಿದ್ದ.

"ಥೂ ಇವನ ಮುಖಕ್ಕೆ!" ಅಕ್ಬರಿಯ ದನಿ. "ಬರೀ ಗೇಟ್ ತೋರಿಸ್ತವ್ರೆ. ಅಯ್ಯೋ, ಯಶೋಧಾ, ಹಳೇದು ಹಾಕವ್ರೆ! ಆ ಕೊಡದ್ದು! ಕೃಷ್ಣಮ್ಮಕ್ಕ ಎಷ್ಟು ಚೆನ್ನಾಗಿ ಕಾಣ್ತವ್ಳೆ, ಬಾರೇ!"

ಚೂರು ತುಂಡಾದರೂ ಅದೇ ದನಿ ಕಿಟಕಿ ದಾಟಿ ಬಂತು.

"ನೋಡವ್ವ, ನನ್ನವ್ವ, ಎಷ್ಟ್ ದಿನ ಅಂತ ಕಾಯದು? ಬಾರವ್ವ. ಇಳಿಸವ್ವ, ನನ್ನ ತಾಯಿ..."

ಚಿನ್ನಿಯ ಕಿವಿಗಳೆರಡೂ ಒಟ್ಟಿಗೆ ನಿಮಿರಿ ಕಿಟಕಿಯ ಕಡೆ ತಿರುಗಿದವು. ಅದು ಒಂದು ಸಲ, ಹೊಟ್ಟೆಯೊಳಗಿನಿಂದ, ಸಣ್ಣಗೆ ಕೂಗಿತು.

ಟೀವಿಗೆ ತೋರಿಸಲು ಬೇರೆ ಏನೂ ಇರಲಿಲ್ಲ. ಹಾಗಾಗಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದರು. ಬಾರವ್ವ. ಇಳಿಸವ್ವ. ಮತ್ತೆ ಬಾರವ್ವ. ನಡುವೆ ಯಾರೋ ಅರಚುತ್ತಿದ್ದರು, ಸಂಗೀತ ಬಡಿಯುತ್ತಿತ್ತು, ಅದರ ಕೆಳಗಿನಿಂದ ಮುನಿಕೃಷ್ಣಮ್ಮ ಕರೆಯುತ್ತಲೇ ಇದ್ದಳು. ಯಶೋಧಾ ನೋಡುತ್ತಿದ್ದ ಹಾಗೆಯೇ, ಕೈ ತಾಗುವ ಮುಂಚೆಯೇ, ಒಂದು ಮೊಲೆಯ ತುದಿಯಲ್ಲಿ ಬಿಳಿಯ ಹನಿ ಕೂಡಿಕೊಂಡು ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

ಅವಳು ಬಕೆಟ್ಟನ್ನು ಮಂಡಿಗಳ ನಡುವೆ ಎಳೆದುಕೊಂಡು ಕೂತಳು.

"ಆಪಾ," ಎಂದು ಕೂಗಿದಳು, "ಸೌಂಡ್ ಜಾಸ್ತಿ ಮಾಡಿ!"

ಬಕೆಟ್ಟಿನ ತಳಕ್ಕೆ ಹಾಲು ಸುರ್ರೆಂದು ಹೊಡೆಯಿತು. ಸ್ವಲ್ಪ ಹೊತ್ತಿಗೆ ಆ ಸದ್ದು ನೊರೆಯಲ್ಲಿ ಮೆತ್ತಗಾಯಿತು.